ಎರಡು ಬಣ್ಣದ ಗೀಟು ಹಿಡಿದು

ಹೆಬ್ಬಾಗಿಲಿಲ್ಲ, ಟಿಕೆಟ್ ಕೌಂಟರಿಲ್ಲ, ಸ್ವಾಗತ ಕಮಾನೂ ಇಲ್ಲ. ಪೋರ್ಚುಗಲ್ಲಿನ ನೈಋತ್ಯ ಮೂಲೆ, ಅಲೆಂತೇಜು ಸೀಮೆಯ ಒಂದು ಸಣ್ಣ ಊರು. ಕಡಲು ಇಲ್ಲಿಂದ ಕಾಣುವುದಿಲ್ಲ. ಬಸ್ಸಿಳಿದು ಚೌಕದಲ್ಲಿ ನಿಂತರೆ, ವಾರಗಟ್ಟಲೆ ನಡೆದರೂ ಮುಗಿಯದ ಕಾಲುದಾರಿಯೊಂದು ಇದೇ ಊರನ್ನು ಹಾದುಹೋಗುತ್ತದೆ ಎಂಬುದಕ್ಕೆ ಮೇಲ್ನೋಟಕ್ಕೆ ಯಾವ ಸುಳಿವೂ ಇಲ್ಲ. ಕಾಫಿ ಅಂಗಡಿಯ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನ ಬೆನ್ನಿನ ಚೀಲ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಬೀದಿಯ ಕೊನೆಯ ಕರೆಂಟು ಕಂಬದತ್ತ ಕೈ ತೋರಿಸಿದರು. ಕಂಬದ ಮೇಲೆ ಗೇಣುದ್ದದ ಬಿಳಿ ಗೀಟು, ಅದರ ಕೆಳಗೆ ಅಷ್ಟೇ ಉದ್ದದ ಕೆಂಪು ಗೀಟು. ದಾರಿ ಶುರುವಾಗುವುದು ಅಲ್ಲಿಂದಲೇ.

ಈ ಗೀಟುಗಳ ಲೆಕ್ಕಾಚಾರ ಅರ್ಧ ಗಂಟೆಯಲ್ಲಿ ಅಭ್ಯಾಸವಾಗುತ್ತದೆ. ಎರಡು ಗೀಟು ಒಂದರ ಮೇಲೊಂದು ನೇರವಾಗಿದ್ದರೆ ಮುಂದೆ ನಡೆಯಿರಿ ಎಂದು ಅರ್ಥ. ಬಾಗಿದ್ದರೆ ಆ ಕಡೆಗೆ ತಿರುಗಬೇಕು. ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಬಳಿದಿದ್ದರೆ ಆ ಕಡೆ ಹೋಗಬಾರದು. ಬಿಳಿ-ಕೆಂಪು ಒಳನಾಡಿನ ಹಳೆಯ ಹಳ್ಳಿದಾರಿಗೆ, ಹಸಿರು-ನೀಲಿ ಕಡಲಂಚಿನ ಮೀನುಗಾರರ ಕಾಲುದಾರಿಗೆ, ಹಳದಿ-ಕೆಂಪು ಊರ ಸುತ್ತ ಹೋಗಿ ಅಲ್ಲಿಗೇ ಬಂದು ಮುಟ್ಟುವ ಗಿಡ್ಡ ದಾರಿಗಳಿಗೆ. ಎಲ್ಲ ಕೂಡಿದರೆ ಸುಮಾರು 750 ಕಿಲೋಮೀಟರು. 2012ರಲ್ಲಿ ನಡಿಗೆಯವರಿಗೆ ತೆರೆದ ಜಾಲವಿದು. ಇದನ್ನು ಕಟ್ಟಿದ್ದು, ಈಗಲೂ ಗೀಟು ಅಳಿಸಿದಲ್ಲಿ ಬಣ್ಣ ಬಳಿಯುತ್ತ ನೋಡಿಕೊಳ್ಳುತ್ತಿರುವುದು ಸ್ಥಳೀಯ ವಸತಿಗೃಹದವರು, ಸಣ್ಣ ವ್ಯಾಪಾರಿಗಳು ಸೇರಿ ಮಾಡಿಕೊಂಡ ಲಾಭವಿಲ್ಲದ ಸಂಘ. ಹೊಸ ದಾರಿ ಕಡಿದದ್ದು ಕಡಿಮೆ. ಹೊಲದ ಬದು, ಎತ್ತಿನ ಗಾಡಿಯ ಜಾಡು, ಗಾಳ ಹಾಕಲು ಹೋಗುವವರ ಸವೆದ ಹೆಜ್ಜೆದಾರಿ, ಇವನ್ನೇ ಒಂದಕ್ಕೊಂದು ಜೋಡಿಸಿದ್ದಾರೆ.

ತೊಗಟೆ ಸುಲಿದ ಮರಗಳು

ಊರು ದಾಟಿದ ಮೇಲೆ ಮಣ್ಣಿನ ರಸ್ತೆ. ಮೊದಲ ಅಚ್ಚರಿ ಕಬ್ಬಿಣದ ಗೇಟು. ದಾರಿ ಖಾಸಗಿ ಜಮೀನಿನ ಒಳಗೇ ಹೋಗುತ್ತದೆ! ಗೇಟಿಗೆ ಬೀಗವಿಲ್ಲ, ಒಂದು ತಂತಿಯ ಕುಣಿಕೆ ಮಾತ್ರ. 'ದಾಟಿದ ಮೇಲೆ ಮುಚ್ಚಿ' ಎಂಬ ಸಣ್ಣ ಫಲಕ. ಆಚೆಗೆ ಕುರಿಗಳು ಮೇಯುತ್ತಿದ್ದವು. ಜಮೀನಿನವರು ದಾರಿ ಬಿಟ್ಟುಕೊಟ್ಟಿದ್ದಾರೆ, ನಡೆಯುವವರು ಗೇಟು ಮುಚ್ಚುತ್ತಾರೆ. ಈ ಒಪ್ಪಂದ ಒಂದು ಕಡೆಯಿಂದ ಮುರಿದರೂ ದಾರಿ ಅಲ್ಲಿಗೇ ನಿಂತುಹೋಗುತ್ತದೆ. ಕುಣಿಕೆಯನ್ನು ಎರಡು ಸಲ ಎಳೆದು ನೋಡಿ ಮುಂದೆ ಹೋದೆ.

ಕುರಿಗಳಿಗೆ ನೆರಳು ಕೊಟ್ಟಿದ್ದ ಮರಗಳ ಬುಡ ಕಡು ಕಂದು, ಮೇಲಿನ ಕೊಂಬೆಗಳು ಬೂದು. ಎಲ್ಲ ಮರಕ್ಕೂ ಒಂದೇ ಎತ್ತರದವರೆಗೆ ಯಾರೋ ಬಣ್ಣ ಹಚ್ಚಿದ್ದಾರೆ ಅನ್ನಿಸಿತು. ಹತ್ತಿರ ಹೋದಾಗ ತಿಳಿಯಿತು: ಅದು ಬಣ್ಣವಲ್ಲ, ತೊಗಟೆ ಸುಲಿದ ಮೈ. ಬಾಟಲಿಗೆ ಹಾಕುವ ಬಿರಡೆ ಈ ಕಾರ್ಕ್ ಓಕ್ ಮರದ ತೊಗಟೆ. ಪ್ರತಿ ಕಾಂಡದ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಅಂಕಿ ಇತ್ತು. 3 ಎಂದಿದ್ದರೆ 2023ರಲ್ಲಿ ಸುಲಿದದ್ದು. ಒಮ್ಮೆ ಸುಲಿದರೆ ಮತ್ತೆ ಒಂಬತ್ತು ವರ್ಷ ಮುಟ್ಟುವಂತಿಲ್ಲ. 3ರ ಮರದ ಸರದಿ ಇನ್ನು 2032ಕ್ಕೆ. ಸಸಿ ನೆಟ್ಟ ಮೇಲೆ ಮೊದಲ ಸುಲಿತಕ್ಕೇ ಸುಮಾರು 25 ವರ್ಷ ಕಾಯಬೇಕು, ಒಳ್ಳೆಯ ಬಿರಡೆಗೆ ಒಗ್ಗುವ ತೊಗಟೆ ಸಿಗುವುದು ಮೂರನೆಯ ಸುಲಿತದಲ್ಲಿ. ಅಂದರೆ ನೆಟ್ಟವನಿಗಲ್ಲ, ಅವನ ಮಗನಿಗೋ ಮೊಮ್ಮಗನಿಗೋ. ಜಗತ್ತಿನ ಕಾರ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ದೇಶದ್ದು. 2011ರಲ್ಲಿ ಇದನ್ನು ರಾಷ್ಟ್ರೀಯ ಮರ ಎಂದು ಘೋಷಿಸಿದರು, ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅಡಿಕೆ, ಹಲಸು, ಮಾವು ನೆಟ್ಟು ಬೆಳೆಸಿದ ನಾಡಿನಿಂದ ಬಂದವರಿಗೆ ಈ ಕಾಯುವ ಕೃಷಿ ತೀರಾ ಅಪರಿಚಿತವೇನಲ್ಲ.

ಒಂದು ಏರು ಹತ್ತಿ ಇಳಿದದ್ದೇ ನೋಟ ಬದಲಾಯಿತು. ಸಾಲು ಹಿಡಿದು ನಿಂತ ನೀಲಗಿರಿ. ಕೆಳಗೆ ಹುಲ್ಲಿಲ್ಲ, ಹಕ್ಕಿಯ ಸದ್ದೂ ಕಡಿಮೆ. ಕಾಗದದ ಕಾರ್ಖಾನೆಗಳಿಗಾಗಿ ಪೋರ್ಚುಗಲ್ಲಿನ ಉದ್ದಕ್ಕೂ ಬೆಳೆಸಿದ ಮರವಿದು. ಕಡಲಂಚಿನ ಸಂರಕ್ಷಿತ ಪ್ರದೇಶದತ್ತ ಹೋಗುವ ನಡಿಗೆಯೆಂದರೆ ಮೊದಲಿನಿಂದ ಕೊನೆಯವರೆಗೆ ಕಾಡು ಎಂದುಕೊಂಡು ಬಂದವರಿಗೆ ನಿರಾಸೆಯಾಗಬಹುದು. ಬಯಲುಸೀಮೆಯ ನೀಲಗಿರಿ ತೋಪುಗಳನ್ನು ನೋಡಿ ಬೆಳೆದ ನನಗೆ ಆ ವಾಸನೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮರಳಿನ ಮೇಲೆ

ಮಧ್ಯಾಹ್ನದ ಹೊತ್ತಿಗೆ ಗಾಳಿಯ ರುಚಿ ಉಪ್ಪಾಯಿತು. ಕಡಲಂಚಿನ ಪೋರ್ತು ಕೋವು ಪುಟ್ಟ ಊರು. ಸುಣ್ಣ ಬಳಿದ ಗೋಡೆ, ಬುಡಕ್ಕೆ ನೀಲಿ ಪಟ್ಟಿ, ಒಂದೇ ಅಂತಸ್ತಿನ ಮನೆಗಳ ಚೌಕ. ಇಲ್ಲಿ ಬಿಳಿ-ಕೆಂಪು ಗೀಟು ಬಿಟ್ಟು ಹಸಿರು-ನೀಲಿ ಗೀಟು ಹಿಡಿದೆ. ಕಡಲಂಚಿನ ದಾರಿಯೊಂದೇ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ದಕ್ಷಿಣದ ಲಾಗುಶ್ ಪಟ್ಟಣದವರೆಗೆ ಹೋಗುತ್ತದೆ. ಇದು ನಡೆಯುವವರಿಗೆ ಮಾತ್ರ. ಸೈಕಲ್ ಕೂಡ ಬರುವಂತಿಲ್ಲ.

ಉತ್ತರಕ್ಕೆ ತಿರುಗಿ ನೋಡಿದರೆ ದೂರದಲ್ಲಿ ಎತ್ತರದ ಚಿಮಣಿಗಳು. ಅದು ಸೀನಿಶ್ ಬಂದರು. ಅಲ್ಲಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು 2021ರಲ್ಲಿ ಮುಚ್ಚಿದರು. 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ನಾವಿಕ ಹುಟ್ಟಿದ್ದು ಆ ಊರಿನಲ್ಲೇ ಎನ್ನುತ್ತಾರೆ. ಅವನು ಹಿಂದಿರುಗುವಾಗ ನಮ್ಮ ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿ ಹಡಗು ಸರಿಪಡಿಸಿಕೊಂಡಿದ್ದ. ಕಾರವಾರದ ಕಡಲ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದವರು ಬಹಳ ಜನ; ಆ ಹಡಗುಗಳು ಹೊರಟುಬಂದ ದೇಶದ ದಂಡೆಯ ಮೇಲೆ ನಡೆಯುವುದು ವಿಚಿತ್ರ ಅನುಭವ.

ಊರು ದಾಟಿ ಸ್ವಲ್ಪ ದೂರಕ್ಕೆ ಕಡಲಲ್ಲಿ ಒಂದು ಸಣ್ಣ ದ್ವೀಪ, ಅದರ ಮೇಲೆ ಪಾಳು ಕೋಟೆ. ಎದುರು ದಂಡೆಯಲ್ಲಿ ಅದರ ಜೊತೆಯದೇ ಇನ್ನೊಂದು ಕೋಟೆ. ಕೋಟೆಗಳಿಗಿಂತ ಹಳೆಯ ಗುರುತೂ ದ್ವೀಪದ ಮೇಲಿದೆ: ರೋಮನ್ನರ ಕಾಲದಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದ ತೊಟ್ಟಿಗಳು. ಎರಡು ಸಾವಿರ ವರ್ಷಗಳಿಂದ ಈ ದಂಡೆಯವರು ಮೀನು ಹಿಡಿದು ಬದುಕಿದ್ದಾರೆ.

ಇನ್ನು ಮರಳು. ಫೋಟೊಗಳಲ್ಲಿ ಮರಳು ಕಾಣುತ್ತದೆ, ಅದರ ಮೇಲೆ ನಡೆಯುವ ಕಷ್ಟ ಕಾಣುವುದಿಲ್ಲ. ದಿಬ್ಬದ ಮೇಲಿನ ಸಡಿಲ ಮರಳಿನಲ್ಲಿ ಇಟ್ಟ ಹೆಜ್ಜೆ ಅರ್ಧದಷ್ಟು ಹಿಂದಕ್ಕೆ ಜಾರುತ್ತದೆ. ಮುಂದಿನ ಊರಿಗೆ ಸುಮಾರು 20 ಕಿಲೋಮೀಟರು, ಏಳು ಗಂಟೆಯಾಗುತ್ತದೆ ಎಂದು ಫಲಕ ಹೇಳಿದ್ದನ್ನು ಓದಿ ಇಷ್ಟೇಕೆ ಎಂದುಕೊಂಡಿದ್ದೆ. ಗಂಟೆಗೆ ಸುಮಾರು ಮೂರು ಕಿಲೋಮೀಟರು ಎಂಬ ಆ ಲೆಕ್ಕ ಕರಾರುವಾಕ್ಕಾಗಿ ನಿಜವಾಯಿತು. ನಿಧಾನ ಪ್ರವಾಸ ಎಂಬ ಮಾತನ್ನು ಪ್ರಚಾರದ ಕರಪತ್ರಗಳಲ್ಲಿ ಬಹಳ ಓದುತ್ತೇವೆ. ಇಲ್ಲಿ ಬೇಗ ಹೋಗಬೇಕೆಂದರೂ ಹೋಗಲಾಗುವುದಿಲ್ಲ.

ನಿಧಾನವಾದದ್ದರಿಂದ ಕಣ್ಣು ನೆಲಕ್ಕಿಳಿಯಿತು. ವಸಂತ ಕಾಲ, ಮರಳಿನ ಮೇಲೆ ಗೇಣೆತ್ತರ ಮೀರದ ಪೊದೆಗಳು ಹೂಬಿಟ್ಟಿದ್ದವು. ಇಲ್ಲಿನ ಗಾಳಿಗೆ ಯಾವ ಗಿಡವೂ ತಲೆ ಎತ್ತುವ ಧೈರ್ಯ ಮಾಡುವುದಿಲ್ಲ. ಒಂದನ್ನು ಸವರಿಕೊಂಡು ಹೋದರೆ ಪ್ಯಾಂಟಿಗೆ ಅಂಟು ಹತ್ತುತ್ತದೆ, ಇನ್ನೊಂದು ಕಾಲಿಗೆ ಸಿಕ್ಕಿದರೆ ಕರ್ಪೂರದ ಘಮ ಏಳುತ್ತದೆ. ಈ ಕರ್ಪೂರಗಂಧಿ ಗಿಡ ಪೋರ್ಚುಗಲ್ಲಿನ ದಂಡೆಗಳನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ದಾರಿಯ ಎರಡು ಮಗ್ಗುಲಿಗೂ ಕೆಲವೆಡೆ ಗೂಟ ನೆಟ್ಟು ಹಗ್ಗ ಕಟ್ಟಿದ್ದೇಕೆ ಎಂಬುದು ಆಗ ಅರ್ಥವಾಯಿತು. ಹಗ್ಗ ಕಟ್ಟಿರುವುದು ನಡೆಯುವವರಿಗಾಗಿ ಅಲ್ಲ, ಗಿಡಗಳಿಗಾಗಿ.

ಇನ್ನೂ ಒಂದು ಗಿಡ ಮರಳನ್ನು ಮಾರುಗಟ್ಟಲೆ ಮುಚ್ಚಿಕೊಂಡಿತ್ತು. ದಪ್ಪ ರಸಭರಿತ ಎಲೆ, ಹಳದಿ, ನೇರಳೆ ಬಣ್ಣದ ದೊಡ್ಡ ಹೂ. ನೋಡಲು ಎಲ್ಲಕ್ಕಿಂತ ಚೆಂದ. ಆದರೆ ಇದು ದಕ್ಷಿಣ ಆಫ್ರಿಕಾದಿಂದ ಬಂದದ್ದು, ಮರಳು ಹಾರದಿರಲಿ ಎಂದು ಹಿಂದೆ ನೆಟ್ಟದ್ದು. ಈಗ ಸ್ಥಳೀಯ ಗಿಡಗಳ ಜಾಗವನ್ನೆಲ್ಲ ನುಂಗಿ ಹಬ್ಬುತ್ತಿದೆ.

ಹೊಳೆಯ ಬಾಯಲ್ಲಿ

ಮೀರಾ ಹೊಳೆ ಕಡಲು ಸೇರುವಲ್ಲಿ ಮಿಲ್‌ಫೋಂತಿಶ್ ಎಂಬ ಊರು. ಅಲ್ಲಿ ತಂಗಿದ ಮನೆಯಾಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಪೋರ್ಚುಗೀಸು ಬಾರದು. ಮಾಂಸ ಮೀನು ತಿನ್ನುವುದಿಲ್ಲ ಎಂದು ಕೈಸನ್ನೆಯಲ್ಲೇ ಹೇಳಿದೆ. ಆಕೆ ಕೊಂಚ ಯೋಚಿಸಿ, ಬೆಳ್ಳುಳ್ಳಿ, ಹಸಿ ಕೊತ್ತಂಬರಿ ಸೊಪ್ಪು, ಕಲ್ಲುಪ್ಪು ಹಾಕಿ ಕುಟ್ಟಲು ಶುರುಮಾಡಿದರು. ಅದಕ್ಕೆ ಆಲಿವ್ ಎಣ್ಣೆ, ಕುದಿಯುವ ನೀರು, ಹಿಂದಿನ ದಿನದ ಗಟ್ಟಿ ಬ್ರೆಡ್ಡಿನ ಚೂರು, ಮೇಲೊಂದು ಬೇಯಿಸಿದ ಮೊಟ್ಟೆ. ಬಡವರ ಮನೆಯ ಊಟವಾಗಿದ್ದದ್ದು ಈಗ ಸೀಮೆಯ ಹೆಮ್ಮೆಯ ತಿನಿಸು. ಯುರೋಪಿನಲ್ಲಿ ಕೊತ್ತಂಬರಿ ಸೊಪ್ಪನ್ನು ಇಷ್ಟು ಧಾರಾಳವಾಗಿ ಬಳಸುವ ಅಡುಗೆ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಆ ಮನೆಯಲ್ಲಿ ಒಂದಿಷ್ಟೇ ಕೋಣೆಗಳು. ಬೆಳಗಿನ ತಿಂಡಿಯ ಜೊತೆ ಮಧ್ಯಾಹ್ನದ ಬುತ್ತಿಯನ್ನೂ ಕಟ್ಟಿಕೊಡುತ್ತಾರೆ. ಭಾರ ಹೊರಲಾರದವರ ಚೀಲವನ್ನು ಒಂದು ವ್ಯಾನು ಬಂದು ಮುಂದಿನ ಊರಿಗೆ ಒಯ್ದುಕೊಡುತ್ತದೆ. ಇಲ್ಲಿನ ಊರುಗಳಿಗೆ ಬೇಸಿಗೆಯ ಎರಡು ತಿಂಗಳು ಕಡಲಸ್ನಾನಕ್ಕೆ ಬರುವ ಜನಜಾತ್ರೆ, ಉಳಿದ ತಿಂಗಳು ಬಾಗಿಲು ಹಾಕಿದ ಅಂಗಡಿಗಳು. ನಡೆಯುವವರು ಬರುವುದು ಅದಕ್ಕೆ ತದ್ವಿರುದ್ಧ ಕಾಲದಲ್ಲಿ. ಸೆಪ್ಟೆಂಬರಿನಿಂದ ಜೂನ್‌ವರೆಗೆ ನಡೆಯಿರಿ, ಸುಡುಬೇಸಿಗೆಯಲ್ಲಿ ಬೇಡ ಎಂದೇ ದಾರಿಯವರ ಸಲಹೆ. ಹಾಗಾಗಿ ಬೇಸಿಗೆ ಕಳೆದ ಮೇಲೂ ಊಟದಂಗಡಿಯ ಒಲೆ ಆರುವುದಿಲ್ಲ. ರಕ್ಷಿತ ಪ್ರದೇಶದೊಳಗೆ ಡೇರೆ ಹಾಕಿ ಮಲಗುವಂತಿಲ್ಲ ಎಂಬ ನಿಯಮವೂ ಇದಕ್ಕೆ ಕೂಡಿಬರುತ್ತದೆ: ರಾತ್ರಿಯಾದರೆ ಊರಿಗೇ ಬರಬೇಕು, ಊರಲ್ಲೇ ಉಣ್ಣಬೇಕು. ನಿಯಮ ಗಿಡಕ್ಕೂ ಒಳ್ಳೆಯದು, ಊರಿಗೂ ಒಳ್ಳೆಯದು.

ಬೆಳಿಗ್ಗೆ ಹೊಳೆ ದಾಟಲು ಸಣ್ಣ ದೋಣಿ. ಸೇತುವೆ ಮೇಲೆ ನಡೆದೂ ಹೋಗಬಹುದು, ಸುತ್ತು ಜಾಸ್ತಿ. ದೋಣಿಗೆ ಕಾಯುತ್ತ ಊರಿನ ಇನ್ನೊಂದು ಕಥೆ ಓದಿದೆ. 1924ರಲ್ಲಿ ಇಲ್ಲಿನ ಬಯಲಿನಿಂದ ಇಬ್ಬರು ಪೋರ್ಚುಗೀಸ್ ವಿಮಾನಿಗಳು ಈಗ ಚೀನಾದಲ್ಲಿರುವ ಮಕಾವಿಗೆ ಹೊರಟರು. ವಿಮಾನ ಭಾರತದಲ್ಲಿ ನೆಲಕ್ಕಪ್ಪಳಿಸಿತು. ಅವರು ನಮ್ಮಲ್ಲೇ ಇನ್ನೊಂದು ವಿಮಾನ ಕೊಂಡು ಪ್ರಯಾಣ ಮುಂದುವರಿಸಿದರಂತೆ. ಕಡಲ ಮೇಲೆ ನಾಲ್ಕು ಶತಮಾನದ ಹಿಂದೆ ಮಾಡಿದ ಸಾಹಸವನ್ನು ಆಕಾಶದಲ್ಲಿ ಮಾಡುವ ಹಂಬಲವಿದ್ದೀತು.

ಹೊಳೆಯಾಚೆ ಮರಳು ದಿಬ್ಬಗಳ ನಡುವೆ ದಾರಿ ಇದ್ದಕ್ಕಿದ್ದಂತೆ ಕತ್ತಲಾಯಿತು. ಎರಡೂ ಕಡೆಯಿಂದ ಬಾಗಿ ಕೂಡಿಕೊಂಡ ಮರಗಳ ಸುರಂಗ. ಬಿಸಿಲಿಗೆ ಬೆಂದವರಿಗೆ ಹಿತವಾದ ನೆರಳು; ಫೋಟೊ ತೆಗೆಯಲು ನಿಂತವರೂ ಇದ್ದರು. ಎಲೆ ನೋಡಿದೊಡನೆ ಗುಮಾನಿ ಬಂತು. ಹೌದು, ಅಕೇಶಿಯಾ. ಮಲೆನಾಡು, ಕರಾವಳಿಯಲ್ಲಿ ನೆಟ್ಟದ್ದಲ್ಲ, ಅದರ ದಾಯಾದಿ. ಆಸ್ಟ್ರೇಲಿಯದಿಂದ ತಂದು ಮರಳು ತಡೆಯಲು ನೆಟ್ಟದ್ದು. ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕಿರುತ್ತದೆ, ಬೆಂಕಿ ಬಿದ್ದರೆ ಇನ್ನಷ್ಟು ಉತ್ಸಾಹದಿಂದ ಮೊಳೆಯುತ್ತದೆ. ಒಂದು ಕಾಲದ ಪರಿಹಾರ ಇನ್ನೊಂದು ಕಾಲದ ತಲೆನೋವಾಗುವ ಕಥೆ ನಮಗೂ ಹೊಸದಲ್ಲ.

ಬಂಡೆಯ ತುದಿಯ ಗೂಡು

ದಕ್ಷಿಣಕ್ಕೆ ಹೋದಂತೆ ಮರಳು ಕಡಿಮೆಯಾಗಿ ಕಪ್ಪು ಬಂಡೆಯ ಪ್ರಪಾತಗಳು ಶುರುವಾದವು. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕೆಸರು ಮತ್ತು ಮರಳು, ಆಮೇಲೆ ಭೂಮಿಯ ಒತ್ತಡಕ್ಕೆ ಕಲ್ಲಾಗಿ ಮಡಿಚಿಕೊಂಡದ್ದು. ಅವಸರದಲ್ಲಿ ಸುತ್ತಿ ಎಸೆದ ಕಂಬಳಿಯಂತೆ ಪದರಗಳು ಎಲ್ಲೆಂದರಲ್ಲಿ ಬಾಗಿವೆ. ಅಂಚಿನಲ್ಲಿ ಬೇಲಿ ಇಲ್ಲ. ಮೇಲಿನ ಮಣ್ಣು ಸಡಿಲ, ಅಂಚಿಗೆ ಹೋಗಬೇಡಿ ಎಂಬ ಫಲಕ ಅಲ್ಲಲ್ಲಿ ಇದೆ. ಗಾಳಿ ಜೋರಾಗಿದ್ದಾಗ ದಾರಿಯ ಒಳಮಗ್ಗುಲಿಗೇ ನಡೆಯುವುದು ಕ್ಷೇಮ.

ಸರ್ದಾಂವ್ ಭೂಶಿರದ ಹತ್ತಿರ ಕಡಲಿನ ನಡುವೆ ಎದ್ದುನಿಂತ ಒಂಟಿ ಬಂಡೆಯ ತುದಿಯಲ್ಲಿ ಕಡ್ಡಿಯ ರಾಶಿ ಕಂಡಿತು. ಅಲೆ ತಂದು ಎಸೆದದ್ದಿರಬೇಕೆಂದುಕೊಂಡೆ. ಅಷ್ಟು ಎತ್ತರಕ್ಕೆ ಯಾವ ಅಲೆ ಬಂದೀತು? ರಾಶಿ ಅಲುಗಿತು. ಬಿಳಿ ಕತ್ತು, ಕೆಂಪು ಕೊಕ್ಕು ಮೇಲೆದ್ದಿತು. ಬಿಳಿ ಕೊಕ್ಕರೆ! ಯುರೋಪಿನಲ್ಲಿ ಈ ಹಕ್ಕಿ ಗೂಡು ಕಟ್ಟುವುದು ಚರ್ಚಿನ ಗೋಪುರ, ಮನೆಯ ಚಿಮಣಿ, ವಿದ್ಯುತ್ ಕಂಬಗಳ ಮೇಲೆ. ಕಡಲ ಬಂಡೆಯ ಮೇಲೆ ಗೂಡು ಕಟ್ಟುವ ಬಿಳಿ ಕೊಕ್ಕರೆಗಳು ಜಗತ್ತಿನಲ್ಲಿ ಇಲ್ಲಿ ಮಾತ್ರ ಎಂದು ಹಕ್ಕಿ ಬಲ್ಲವರು ಹೇಳುತ್ತಾರೆ. ಕೆಳಗೆ ಅಲೆ ಅಪ್ಪಳಿಸುತ್ತಿದೆ, ಮೇಲೆ ಗಾಳಿ ಕಿತ್ತೆಸೆಯುವಂತಿದೆ, ನಡುವೆ ಗೂಡಿನಲ್ಲಿ ಮರಿಗಳು. ನರಿ, ಹೆಗ್ಗಣ, ಮನುಷ್ಯ, ಯಾರೂ ಅಲ್ಲಿಗೆ ಹೋಗಲಾರರು ಎಂಬುದೇ ಆ ಜಾಗದ ಗುಣ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳು ಮನುಷ್ಯರ ಮನೆಯ ಪಕ್ಕದ ಮರವನ್ನೇ ಆರಿಸಿಕೊಂಡಿವೆ. ಊರವರು ಕಾಯುತ್ತಾರೆ ಎಂಬ ನಂಬಿಕೆಯಿಂದ. ಇಲ್ಲಿನವು ಮನುಷ್ಯರಿಂದ ಆದಷ್ಟು ದೂರದ ಜಾಗ ಹಿಡಿದಿವೆ. ಆದರೂ ಮನುಷ್ಯರ ನಂಟು ಪೂರಾ ಕಡಿದಿಲ್ಲ. ಹಿಂದೆ ಚಳಿಗಾಲ ಬಂದರೆ ಆಫ್ರಿಕಾಕ್ಕೆ ಹಾರುತ್ತಿದ್ದ ಪೋರ್ಚುಗಲ್ಲಿನ ಕೊಕ್ಕರೆಗಳಲ್ಲಿ ಬಹಳಷ್ಟು ಈಗ ವರ್ಷವಿಡೀ ಇಲ್ಲೇ ಉಳಿಯುತ್ತವೆ. ಕಾರಣಗಳಲ್ಲಿ ಒಂದು, ಊರ ಹೊರಗಿನ ಕಸದ ಗುಡ್ಡೆಗಳಲ್ಲಿ ಸದಾ ಸಿಗುವ ತಿಂಡಿ.

ಭೂಶಿರದ ಮೇಲೆ 1915ರ ದೀಪಸ್ತಂಭವಿದೆ. ನೋಡಿದೊಡನೆ ಏನೋ ಹಿಂದುಮುಂದಾಗಿದೆ ಅನ್ನಿಸುತ್ತದೆ. ಗೋಪುರ ಕಡಲ ಕಡೆಗಿರದೆ ಕಟ್ಟಡದ ನೆಲದ ಕಡೆಗಿದೆ. ನಕ್ಷೆಯನ್ನು ತಿರುವುಮುರುವು ಹಿಡಿದು ಕಟ್ಟಿಬಿಟ್ಟರು ಎಂಬ ಕಥೆ ಇಲ್ಲಿ ಚಾಲ್ತಿಯಲ್ಲಿದೆ. ಪಕ್ಕದಲ್ಲೇ ಹಳ್ಳಿಯ ಫುಟ್‌ಬಾಲ್ ಮೈದಾನ. ಚೆಂಡು ಜೋರಾಗಿ ಒದ್ದರೆ ಅಟ್ಲಾಂಟಿಕ್ ಸೇರುವಷ್ಟು ಹತ್ತಿರ.

ಇನ್ನೊಂದಿಷ್ಟು ದೂರದಲ್ಲಿ ಪ್ರಪಾತದ ಅಂಚಿಗೆ ಹಗ್ಗ ಕಟ್ಟಿತ್ತು. ಕೆಳಗೆ ಅಲೆ ಹಿಂದೆ ಸರಿದಾಗ ಒಬ್ಬಾತ ಬಂಡೆಯಿಂದ ಏನನ್ನೋ ಕೆತ್ತಿ ತೆಗೆದು ಸೊಂಟದ ಚೀಲಕ್ಕೆ ಹಾಕುತ್ತಿದ್ದ. ಅಲೆ ಬಂದಾಗ ಬಂಡೆಗೆ ಒರಗಿ ನಿಲ್ಲುತ್ತಿದ್ದ. ಅಲೆ ಅಪ್ಪಳಿಸುವ ಬಂಡೆಯಲ್ಲೇ ಗೊಂಚಲಾಗಿ ಬೆಳೆಯುವ, ಬೆರಳುದ್ದದ ಒಂದು ಕಡಲಜೀವಿಯದು. ಊಟದಂಗಡಿಗಳಲ್ಲಿ ಅದಕ್ಕೆ ದುಬಾರಿ ಬೆಲೆ. ಕೀಳಲು ಪರವಾನಗಿ ಬೇಕು. ನಮ್ಮ ಕರಾವಳಿಯಲ್ಲಿ ಬಂಡೆಯಿಂದ ಪಚ್ಚಿಲೆ ಕೀಳುವವರನ್ನು ಬಲ್ಲವರಿಗೂ ಈ ಕೆಲಸ ನೋಡಿದರೆ ಎದೆ ಝಲ್ಲೆನ್ನುತ್ತದೆ. ನಾನು ನಡೆಯುತ್ತಿದ್ದ ದಾರಿ ಇಂಥವರ ಕಾಲಿನಿಂದ ಆದದ್ದು. ಪ್ರವಾಸಿಗಳು ಬಂದದ್ದು ಆಮೇಲೆ.

ಪ್ಲಾಸ್ಟಿಕ್ಕಿನ ಆಚೆ

ಜಾಂಬುಜೈರಾ ಎಂಬ ಕಡಲೂರನ್ನು ದಾಟಿದ ಮೇಲೆ ಬಲಕ್ಕೆ ಕಡಲು, ಎಡಕ್ಕೆ ಬೆಳ್ಳನೆಯ ಇನ್ನೊಂದು ಕಡಲು. ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳು. ಒಳಗೆ ರಾಸ್ಪ್‌ಬೆರಿಯಂಥ ಹಣ್ಣುಗಳು. ರಕ್ಷಿತ ಪ್ರದೇಶದೊಳಗೆ ಇದೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಿನ್ನೆಲೆ ಹೀಗಿದೆ: 1960ರ ದಶಕದಲ್ಲಿ ಮೀರಾ ಹೊಳೆಗೆ ಮೇಲ್ಗಡೆ ಅಣೆಕಟ್ಟು ಕಟ್ಟಿ ಈ ಬಯಲಿಗೆ ಕಾಲುವೆ ತಂದರು. ದಂಡೆಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ್ದು 1988ರಲ್ಲಿ, ಪೂರ್ಣ ಪ್ರಮಾಣದ ನಿಸರ್ಗ ಉದ್ಯಾನವಾದದ್ದು 1995ರಲ್ಲಿ. ಹೀಗೆ ನೀರಾವರಿ ಜಮೀನೂ ನಿಸರ್ಗ ಉದ್ಯಾನವೂ ಒಂದರ ಮೇಲೊಂದು ಬಿದ್ದಿವೆ. ಚಳಿ ಹೆಚ್ಚಿಲ್ಲದ ಈ ದಂಡೆಯ ಹವೆ ಹಣ್ಣಿನ ಬೆಳೆಗೆ ಬಹಳ ಒಗ್ಗಿತು. ಆಮೇಲಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಹಬ್ಬಿತು.

ದಾರಿ ಡಾಂಬರು ರಸ್ತೆಯನ್ನು ಅಡ್ಡ ದಾಟುವಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಯುವಕನೊಬ್ಬ ನನ್ನನ್ನು ನೋಡಿ ನಿಂತ. ಮುಖ ನೋಡಿಯೇ ಹಿಂದಿಯಲ್ಲಿ, "ಯಾವ ಕಡೆಯವರು ಭಾಯ್‌ಸಾಬ್?" ಎಂದ. ಆತ ಪಂಜಾಬಿನವನು. ಕರ್ನಾಟಕ ಎಂದೆ. ಬೆಂಗಳೂರಾ ಎಂದು ಕೇಳಿ ತಲೆಯಾಡಿಸಿದ. ಈ ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ಭಾರತ, ನೇಪಾಳ, ಬಾಂಗ್ಲಾದೇಶದವರು. 2021ರಲ್ಲಿ ಕೋವಿಡ್ ಹೆಚ್ಚಿ ಈ ತಾಲ್ಲೂಕಿನ ಎರಡು ಊರುಗಳಿಗೆ ದಿಗ್ಬಂಧನ ಹಾಕಿದಾಗ, ಒಂದೊಂದು ಮನೆಯಲ್ಲಿ ಎಷ್ಟೆಷ್ಟು ಕೆಲಸಗಾರರನ್ನು ತುಂಬಿದ್ದಾರೆ ಎಂಬುದು ಇಡೀ ಪೋರ್ಚುಗಲ್ಲಿಗೆ ಗೊತ್ತಾಯಿತು. ಈತ ಅದರ ಸುದ್ದಿ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಅವನಿಗೆ ನನ್ನ ವಿಷಯದಲ್ಲೇ ಕುತೂಹಲ. "ಬಸ್ಸಿದೆಯಲ್ಲ, ನಡೆದು ಯಾಕೆ ಹೋಗ್ತೀರಿ?" ಎಂದು ಕೇಳಿದ. ನೋಡಿಕೊಂಡು ಹೋಗಲು ಎಂದೆ. "ಇಲ್ಲೇನಿದೆ ನೋಡೋಕೆ?" ಎಂದು ನಕ್ಕು ಸೈಕಲ್ ಹತ್ತಿದ.

ಆ ಪ್ರಶ್ನೆ ಮುಂದಿನ ಮೈಲುಗಳುದ್ದಕ್ಕೂ ಜೊತೆಗೆ ಬಂತು. ನಡೆಯುವವರಲ್ಲಿ ಹೆಚ್ಚಿನವರು ಯುರೋಪಿನ ಬೇರೆ ದೇಶಗಳಿಂದ ಬಿಡುವು ಮಾಡಿಕೊಂಡು ಬಂದವರು. ದಾರಿ ದಾಟುವ ಕೂಲಿಯವರಿಗೆ ನಿಧಾನ ಎಂಬುದು ದಕ್ಕದ ವಸ್ತು. ಹಸಿರುಮನೆಗಳನ್ನು ತಪ್ಪಿಸಿ ದಾರಿಯನ್ನು ಸುತ್ತು ಬಳಸಿ ಒಯ್ಯಬಹುದಿತ್ತು. ಹಾಗೆ ಮಾಡದಿರುವುದು ನನಗೆ ಮೆಚ್ಚುಗೆಯಾಯಿತು. ಕಾರಿನಲ್ಲಿ ಬಂದಿದ್ದರೆ ಕಡಲು ಕಾಣುವ ಮೂರು ಕಟ್ಟೆಗಳಲ್ಲಿ ಇಳಿದು ಫೋಟೊ ತೆಗೆದು ಹೋಗುತ್ತಿದ್ದೆ. ನಡೆದದ್ದರಿಂದ ಕಟ್ಟೆಗಳ ನಡುವಿನದೂ ಕಂಡಿತು.

ಕೊನೆಯ ಇಳಿಜಾರು

ಬಂಡೆಯ ಬಿರುಕಿನಲ್ಲಿ ಸಿಕ್ಕಿಸಿಟ್ಟಂಥ ಒಂದು ಪುಟ್ಟ ಮೀನುಬಂದರು, ನಾಲ್ಕಾರು ದೋಣಿ, ಬಲೆ ಒಣಹಾಕಿದ ಗೋಡೆ. ಅದನ್ನು ದಾಟಿ ಏರಿಳಿದರೆ ಕೆಳಗೆ ಸೇಶ್ ಹೊಳೆ ಬಳುಕಿ ಮರಳಿನ ದಂಡೆಯನ್ನು ಸುತ್ತಿ ಕಡಲು ಸೇರುವುದು ಕಾಣುತ್ತದೆ. ಹೊಳೆಯ ಈಚೆ ಅಲೆಂತೇಜು, ಆಚೆ ಅಲ್ಗಾರ್ವ್ ಸೀಮೆ. ಒಳಗಿನ ಗುಡ್ಡಗಳಲ್ಲಿ 2023ರ ಆಗಸ್ಟಿನಲ್ಲಿ ಭಾರೀ ಬೆಂಕಿ ಬಿದ್ದು ಸಾವಿರಾರು ಹೆಕ್ಟೇರು ಸುಟ್ಟಿತ್ತು. ಒಳನಾಡಿನ ಹಳ್ಳಿಗಳಿಂದ ಜನ ಪಟ್ಟಣ ಸೇರುತ್ತಿದ್ದಾರೆ. ಮೇಯಿಸುವವರಿಲ್ಲದ ಗುಡ್ಡದಲ್ಲಿ ಪೊದೆ ಬೆಳೆದು, ಅದರ ನಡುವೆ ನೀಲಗಿರಿಯೂ ಸೇರಿಕೊಂಡರೆ ಬೆಂಕಿಗೆ ಹಬ್ಬ. ಊರಲ್ಲಿ ಜನ ಉಳಿಯಬೇಕು ಎಂಬುದು ಇಲ್ಲಿ ಬರೀ ಭಾವನೆಯ ಮಾತಲ್ಲ. ಒಂದು ವಸತಿಗೃಹ, ಒಂದು ಬ್ರೆಡ್ಡಿನ ಅಂಗಡಿ, ಒಂದು ದೋಣಿ ನಡೆದರೆ ಒಂದೊಂದು ಸಂಸಾರ ಊರಲ್ಲಿ ಉಳಿಯುತ್ತದೆ.

ದಾರಿ ಇನ್ನೂ ದಕ್ಷಿಣಕ್ಕೆ ಹೋಗುತ್ತದೆ. ನಾನು ಇಲ್ಲಿಗೆ ನಿಲ್ಲಿಸಿದೆ. ಕಂಡದ್ದರಲ್ಲಿ ಹೆಚ್ಚು ಮನಸ್ಸಿಗೆ ಹತ್ತಿದ್ದು ಈ ದಾರಿಗೆ ಏನನ್ನೂ ಹೆಚ್ಚಾಗಿ ಕಟ್ಟಿಲ್ಲ ಎಂಬುದು. ವೀಕ್ಷಣಾ ಗೋಪುರವಿಲ್ಲ, ಗಾಜಿನ ಸೇತುವೆಯಿಲ್ಲ, ಸೆಲ್ಫಿ ಕಟ್ಟೆಯಿಲ್ಲ. ಬಣ್ಣದ ಡಬ್ಬಿ, ಗೂಟ, ಹಗ್ಗ, ಫಲಕ, ಜಮೀನಿನವರ ಒಪ್ಪಿಗೆ, ಇಷ್ಟೇ ಬಂಡವಾಳ. ಜನರನ್ನು ಒಂದೇ ತುದಿಗೆ ನುಗ್ಗಿಸದೆ ನೂರಾರು ಕಿಲೋಮೀಟರಿಗೆ ಹಂಚಿಬಿಡುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸೇರಿದ ಜನಜಂಗುಳಿ, ಆಮೇಲೆ ಚಾರಣಕ್ಕೆ ಬಿದ್ದ ತಡೆ, ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಎಲ್ಲ ನೆನಪಾಯಿತು. ಮಿತಿ ಬೇಕು, ಸರಿ. ಆದರೆ ಎಲ್ಲರೂ ಅದೇ ನಾಲ್ಕೈದು ಶಿಖರಗಳಿಗೇ ಯಾಕೆ ಹೋಗಬೇಕು? ಗೋಕರ್ಣದಿಂದ ಕುಮಟಾದ ಕಡೆಗೆ ಕಡಲಂಚಿನಲ್ಲಿ ನಡೆಯುವವರು ಈಗಲೂ ಇದ್ದಾರೆ. ಘಟ್ಟದ ಮೇಲಿನ ಸಂತೆಗೂ ಕೆಳಗಿನ ಬಂದರಿಗೂ ನಡುವೆ ಜನ ನಡೆದ ಹಳೆಯ ದಾರಿಗಳು ಹಲವು ಕಡೆ ಇನ್ನೂ ಪೂರ್ತಿ ಅಳಿದಿಲ್ಲ. ಅವುಗಳಲ್ಲಿ ಒಂದೆರಡನ್ನಾದರೂ ಹಳ್ಳಿಯವರೇ ಮುಂದೆ ನಿಂತು, ತಮ್ಮ ಮನೆಯಲ್ಲೇ ಊಟ ವಸತಿ ಕೊಟ್ಟು ನಡೆಸುವುದಾದರೆ, ಬೇಕಾಗುವುದು ಎರಡು ಡಬ್ಬಿ ಬಣ್ಣ ಮತ್ತು ಬಹಳ ತಾಳ್ಮೆ.

ನೀವು ಆ ಕಡೆ ಹೋಗುವುದಾದರೆ ಮಾರ್ಚಿನಿಂದ ಮೇ, ಇಲ್ಲವೇ ಸೆಪ್ಟೆಂಬರಿನಿಂದ ನವೆಂಬರ್ ಒಳ್ಳೆಯ ಕಾಲ. ಮರಳಿಗೆ ಒಗ್ಗುವ ಬೂಟು, ಗಾಳಿ ತಡೆಯುವ ಮೇಲಂಗಿ, ಸಾಕಷ್ಟು ನೀರು ಇರಲಿ. ಊರಿಂದೂರಿಗೆ ನಡುವೆ ಅಂಗಡಿಯಿಲ್ಲದ ಉದ್ದನೆಯ ಹಾದಿಗಳಿವೆ. ಕೊಕ್ಕರೆ ಗೂಡಿನ ಹತ್ತಿರ ಫೋಟೊಗಾಗಿ ಅಂಚಿಗೆ ಬಾಗಬೇಡಿ. ಹಗ್ಗ ದಾಟಬೇಡಿ. ಗೇಟು ಮುಚ್ಚಿ. ನಡೆಯಲು ಯಾರೂ ದುಡ್ಡು ಕೇಳುವುದಿಲ್ಲ; ಹಾಗಾಗಿ ರಾತ್ರಿ ಉಳಿಯುವ ಊರಿನಲ್ಲೇ ಊಟ ಮಾಡಿ, ಅಲ್ಲಿನ ಅಂಗಡಿಯಲ್ಲೇ ಬ್ರೆಡ್ಡು ಕೊಳ್ಳಿ. ಈ ದಾರಿಗೆ ನೀವು ಕೊಡಬಹುದಾದ ಶುಲ್ಕ ಅದೊಂದೇ.